ಕಾಯಿ ಹಣ್ಣಾಗೋ ಆಟ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ರಿಲೀಸು, ಬಗ್ಗು, ಮತ್ತೆ ರಿಲೀಸು... ನಮ್ಮ ಹಣೆಬರಹ ನಿಮಗೆ ಗೊತ್ತಿರೋದೇ. ಉಳಿದ ಶನಿವಾರ-ಭಾನುವಾರಗಳನ್ನ ಒಂದು ಹುಚ್ಚಿಗೆ ಕೊಟ್ಟುಬಿಟ್ಟಿದ್ದೀನಿ. ಮೊಬೈಲಿನಲ್ಲಿ ಆಡೋ ಹಾಗೆ ಒಂದು ಚಕ್ಕಾ ಆಟ ಬರೀತಾ ಇದ್ದೀನಿ. ಚಕ್ಕಾ ಅಂದ್ರೆ ಮೈಸೂರು ಕಡೆಯವರ ಚೌಕಾಬಾರ. ಕಟ್ಟಿಮನಿ ಅನ್ನೋರೂ ಇದ್ದಾರೆ.

ಕೋಡ್ ಬರೆಯೋದು ಕಷ್ಟ ಅಲ್ಲ. ಕಷ್ಟ ಶುರುವಾಗಿದ್ದು ಗೆಳೆಯರಿಗೆ ತೋರಿಸಿದ ಮೇಲೆ. "ದಿನಾ ಬಂದು ಆಡೋರಿಗೆ ನಾಣ್ಯ ಕೊಡು. ನಾಣ್ಯ ಮುಗಿದರೆ ದುಡ್ಡಿಗೆ ಮಾರು. ಮೂರು ಸಲ ಸೋತವನಿಗೆ ಒಂದು ಪೆಟ್ಟಿಗೆ ತೋರಿಸು, ಒಳಗೇನಿದೆ ಅಂತ ಹೇಳಬೇಡ. ಇಲ್ಲಾಂದ್ರೆ ನಾಳೆ ಯಾರೂ ನಿನ್ನ ಆಟ ತೆಗೆಯಲ್ಲ ನೋಡು" ಅಂತ ಸಲಹೆ. ಅವರು ಹೇಳೋದು ಈ ವ್ಯಾಪಾರದ ಲೆಕ್ಕದಲ್ಲಿ ಸರಿಯೇ. ಆದರೆ ನನಗೆ ಒಂದೇ ಅನುಮಾನ. ನಾಣ್ಯ, ಪೆಟ್ಟಿಗೆ ಯಾವುದೂ ಇಲ್ಲದೆ ನಮ್ಮ ಜನ ಇದೇ ಆಟವನ್ನ ಇಷ್ಟು ತಲೆಮಾರು ಯಾಕೆ ಆಡಿದರು? ಸೋತವರು ಮರುದಿನ ಮತ್ತೆ ಯಾಕೆ ಬಂದು ಕೂತರು?

ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ ಇತಿಹಾಸ ಇಲ್ಲಿ ಹಂಚಿಕೊಳ್ತಿದ್ದೀನಿ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ :-)

ರಾಜನ 20 ಆಟಗಳು

ಮೊದಲು ನಮ್ಮ ಊರುಗಳ ಪರಿಚಯ. ನಮ್ಮದು ಸಿಂದಗಿ ತಾಲೂಕು. ಅವ್ವನ ತವರುಮನೆ ಇಂಡಿ ಕಡೆ. ಅಕ್ಕನ್ನ ಕೊಟ್ಟಿದ್ದು ಮುದ್ದೇಬಿಹಾಳಕ್ಕೆ. ಸೋದರತ್ತಿ ಇರೋದು ಬಸವನ ಬಾಗೇವಾಡಿ ಹತ್ರ. ಚಕ್ಕಾ ಪಟಕ್ಕೆ ನಾಲ್ಕು ಕಡೆ ನಾಲ್ಕು ಕಟ್ಟೆ ಇರೋ ಹಾಗೆ ನಮ್ಮ ಬಳಗವೂ ವಿಜಯಪುರ ಜಿಲ್ಲೆಯ ನಾಲ್ಕು ಮೂಲೆಗೆ ಹಂಚಿಹೋಗಿದೆ.

ಸಾವಿರ ವರ್ಷದ ಹಿಂದೆ ಈ ಸೀಮೆಗೆ ತರ್ದವಾಡಿ ಸಾಸಿರ ಅಂತ ಹೆಸರು. ಆ ಹೆಸರು ಭೀಮಾ ತೀರದ ತದ್ದೇವಾಡಿಯಲ್ಲಿ ಇನ್ನೂ ಉಳಿದಿದೆ, ಹಳೇ ಇಂಡಿ ತಾಲೂಕಿನ ಊರು ಅದು. ಕಲ್ಯಾಣದ ಚಾಲುಕ್ಯ ವಂಶವನ್ನ ಮತ್ತೆ ಎತ್ತಿ ನಿಲ್ಲಿಸಿದ ಎರಡನೇ ತೈಲಪ ಮೊದಲು ರಾಷ್ಟ್ರಕೂಟರ ಕೈಕೆಳಗೆ ಇದೇ ತರ್ದವಾಡಿಯನ್ನ ಆಳ್ತಿದ್ದ. ಬಾಗೇವಾಡಿ ತಾಲೂಕಿನ ನರಸಲಗಿಯ 965ರ ಶಾಸನದಲ್ಲಿ ಆ ಮಾತಿದೆ. 973ರಲ್ಲಿ ಆತ ರಾಷ್ಟ್ರಕೂಟರನ್ನ ಕೆಳಗಿಳಿಸಿ ತಾನೇ ಅರಸನಾದ.

ಈ ವಂಶದಲ್ಲಿ ಮುಂದೆ ಹುಟ್ಟಿದ ಮೂರನೇ ಸೋಮೇಶ್ವರ 1130ರ ಸುಮಾರಿಗೆ 'ಮಾನಸೋಲ್ಲಾಸ' ಅಂತ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಬರೆಸಿದ. (ಬಾಗೇವಾಡಿಯಲ್ಲಿ ಬಸವಣ್ಣ ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ.) ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ. ಅಡುಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಕೊನೆಯ ಭಾಗ ಪೂರ್ತಿ ಆಟಗಳಿಗೇ ಮೀಸಲು!

ಆ ಪಟ್ಟಿ ನೋಡಿದರೆ ಆಟ ಬರೆಯೋ ಇವತ್ತಿನ ಎಂಜಿನಿಯರಿಗೂ ಬೆರಗಾಗುತ್ತೆ. ಚದುರಂಗ ಇದೆ, ಪಗಡೆ ಇದೆ, ಕವಡೆಯಾಟ ಇದೆ. ಅವುಗಳ ಜೊತೆಗೇ ಉಯ್ಯಾಲೆ, ನೀರಾಟ, ಮರಳಾಟ, ಬೆಳದಿಂಗಳಾಟ, ಪೈರಿನ ಹೊಲದಲ್ಲಿ ಆಡೋ ಆಟ, ಒಗಟಿನ ಆಟ, ಕತ್ತಲಲ್ಲಿ ಆಡೋ ಆಟ. 20ರಲ್ಲಿ ಬಹಳಷ್ಟಕ್ಕೆ ಗೆದ್ದವ ಸೋತವ ಅನ್ನೋ ಲೆಕ್ಕವೇ ಮುಖ್ಯ ಅಲ್ಲ. ಬೆಳದಿಂಗಳಲ್ಲಿ ಯಾರು ಯಾರನ್ನ ಸೋಲಿಸ್ತಾರೆ ಹೇಳಿ?

ವಿಡಿಯೋ ಗೇಮಿನವರು ಈ ಮಾತಿಗೆ ಬರೋಕೆ ಬಹಳ ಕಾಲ ಹಿಡಿಯಿತು. 1972ರ ಪಾಂಗ್‌ನಿಂದ ಶುರುವಾಗಿ ಹೊಡಿ, ಬಡಿ, ಅಂಕ ಎಣಿಸು ಅನ್ನೋದೇ ನಡೆದಿತ್ತು. 2011ರಲ್ಲಿ ಪೂರ್ತಿಯಾಗಿ ಬಿಡುಗಡೆಯಾದ ಮೈನ್‌ಕ್ರಾಫ್ಟ್ ಏನು? ಮರಳಾಟ. 2016ರ ಸ್ಟಾರ್ಡ್ಯೂ ವ್ಯಾಲಿ ಏನು? ಪೈರಿನಾಟ. ಹೊಲ ಉಳೋದು, ಬಿತ್ತೋದು, ನೀರುಣಿಸೋದು... ಒಬ್ಬನೇ ಒಬ್ಬ ಕೂತು ಬರೆದ ಆಟ ಅದು, ಲಕ್ಷಗಟ್ಟಲೆ ಜನ ದುಡ್ಡು ಕೊಟ್ಟು ತಗೊಂಡರು. ನಮ್ಮಪ್ಪನಿಗೆ ತೋರಿಸಿದೆ. "ಇಷ್ಟ ದುಡಿಯೂದಿದ್ರ ಹೊಲಕ್ಕ ಬಾರಲಾ" ಅಂದ್ರು. ಅದೂ ನಿಜ. ಸೋಮೇಶ್ವರನಿಗೆ ಪೈರಿನ ಹೊಲ ಆಟ, ಅದೇ ಹೊಲದಲ್ಲಿ ಕಳೆ ತೆಗೆಯೋರಿಗೆ ಅದು ಹೊಟ್ಟೆಪಾಡು. ಹಾಗಾಗಿ ಅರಮನೆಯಿಂದ ಇಳಿದು ಕಟ್ಟೆಗೆ ಬರೋಣ.

25 ಮನೆ, 4 ಕವಡಿ

ಚಕ್ಕಾ ಆಡೋಕೆ ಬೇಕಾಗೋದು ಒಂದು ಸೀಮೆಸುಣ್ಣ ಅಥವಾ ಇದ್ದಿಲು. ನೆಲದ ಮೇಲೆ ಐದಕ್ಕೆ ಐದು, 25 ಮನೆ. ನಾಲ್ಕು ಬದಿಯ ನಡುಮನೆಗೆ ಒಂದೊಂದು ಕಾಟು ಹೊಡೆದರೆ ಅವು ಕಟ್ಟೆ, ನಟ್ಟ ನಡುವಿನದು ಹಣ್ಣಾಗೋ ಮನೆ. ಕವಡಿ ಇಲ್ಲದಿದ್ದರೆ ಹುಣಸೀ ಬೀಜವನ್ನ ಸೀಳಿ ನಾಲ್ಕು ಹೋಳು. ಕಾಯಿಗೆ ಬಳೆಚೂರು, ಹರಳು, ಕಡ್ಡಿ, ಏನಾದರೂ ನಡೀತದೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು, ಇವೆರಡಕ್ಕೆ ಇನ್ನೊಂದು ಸಲ ಹಾಕೋ ಅವಕಾಶ.

ಎಂಜಿನಿಯರಿಂಗ್ ಓದಿದ ಮೇಲೆ ಕೈ ಸುಮ್ಮನಿರಲ್ಲ, ಲೆಕ್ಕ ಹಾಕಿದೆ. ಕವಡಿ ಎರಡೂ ಮಗ್ಗುಲಿಗೆ ಸಮನಾಗಿ ಬೀಳ್ತದೆ ಅಂತ ಇಟ್ಟುಕೊಳ್ಳಿ. 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಒಂದು ಬೀಳೋದು 4 ಸಲ, ಎರಡು 6 ಸಲ, ಮೂರು 4 ಸಲ, ನಾಲ್ಕು ಮತ್ತು ಎಂಟು ಒಂದೊಂದೇ ಸಲ. ಅಂದ್ರೆ ಸರಾಸರಿ ಎರಡೂವರೆ ಮನೆ. ಎಂಟು ಸಲ ಹಾಕಿದರೆ ಒಂದು ಸಲ ಮರು-ಅವಕಾಶ. ಒಂದು ಕಾಯಿ ಹಣ್ಣಾಗೋಕೆ ಹೊರಸುತ್ತು 15, ಒಳಸುತ್ತು 8, ನಡುಮನೆ 1, ಒಟ್ಟು 24 ಹೆಜ್ಜೆ. ನಾಲ್ಕು ಕಾಯಿಗೆ 96. ಯಾರೂ ಹೊಡೆಯದಿದ್ದರೆ ಸುಮಾರು 34 ಸರದಿಯಲ್ಲಿ ಆಟ ಮುಗೀಬೇಕು. ಊಟ ಆದಮೇಲೆ ಶುರು ಮಾಡಿದರೆ ಬಿಸಿಲು ಇಳಿಯೋ ಹೊತ್ತಿಗೆ ಮುಗಿಯೋ ಅಳತೆ.

ಆದರೆ ಯಾರೂ ಹೊಡೆಯದೇ ಇರಲ್ಲ! ನಮ್ಮನೆ ನಿಯಮದ ಪ್ರಕಾರ ಎದುರಾಳಿಯ ಒಂದು ಕಾಯಾದರೂ ಹೊಡೆಯದವನಿಗೆ ಒಳಸುತ್ತಿಗೆ ದಾರಿಯೇ ಇಲ್ಲ. ನೀವೊಬ್ಬರೇ ತಲೆ ತಗ್ಗಿಸಿ ಓಡಿ ಗೆಲ್ತೀನಿ ಅಂದ್ರೆ ಆಗಲ್ಲ, ಎದುರಿಗೆ ಕೂತವರ ಕಡೆ ನೋಡಲೇಬೇಕು. ಇನ್ನೊಂದು ಸೂಕ್ಷ್ಮ ನೋಡಿ. ಈಗಷ್ಟೇ ಹೊರಟ ಕಾಯಿಗೆ ಪೆಟ್ಟು ಬಿದ್ದರೆ ಹೋಗೋದು ಒಂದೆರಡು ಮನೆಯ ದುಡಿಮೆ. ಹದಿನಾಲ್ಕನೇ ಮನೆಯಲ್ಲಿದ್ದ ಕಾಯಿಗೆ ಬಿದ್ದರೆ ಹದಿನಾಲ್ಕೂ ಹೋಯ್ತು. ಮುಂದೆ ಹೋದವನಿಗೆ ಭಯ ಹೆಚ್ಚು, ಹಿಂದೆ ಉಳಿದವನಿಗೆ ಆಸೆ ಹೆಚ್ಚು. ಕೊನೇ ಕಾಯಿ ಹಣ್ಣಾಗೋವರೆಗೆ ಯಾರೂ ಕೈ ಚೆಲ್ಲೋ ಹಾಗಿಲ್ಲ.

1996ರ ಮಾರಿಯೋ ಕಾರ್ಟ್ 64ರಲ್ಲಿ ಮೊದಲ ಸ್ಥಾನದಲ್ಲಿರೋ ಗಾಡಿಯನ್ನೇ ಹುಡುಕಿಕೊಂಡು ಹೋಗಿ ಹೊಡೆಯೋ ನೀಲಿ ಚಿಪ್ಪು ಬಂತು. ಗೇಮ್ ಡಿಸೈನ್ ಮಾತಾಡೋರು ಈಗಲೂ ಅದರ ಉದಾಹರಣೆ ಕೊಡ್ತಾರೆ. ನಮ್ಮ ಆಯಿಗೆ ಚಿಪ್ಪು ಬೇಕಾಗಿರಲಿಲ್ಲ, ಒಂದು ಹುಣಸೀ ಬೀಜ ಸಾಕಿತ್ತು.

ಲಂಡನ್ನಿಗೆ ಹೋಗಿ ಬಂದ ಕವಡಿ

ಚಕ್ಕಾದ ಅಣ್ಣ ಪಚ್ಚೀಸಿ. ಫತೇಪುರ್ ಸಿಕ್ರಿಯ ಅಂಗಳದಲ್ಲಿ ಕಲ್ಲುಹಾಸಿನ ಮೇಲೆ ಅದರ ದೊಡ್ಡ ಪಟ ಈಗಲೂ ನೋಡಬಹುದು. ಅದನ್ನ ಸರಳ ಮಾಡಿ, ಕವಡಿ ತೆಗೆದು ಆರು ಮುಖದ ದಾಳ ಇಟ್ಟು, 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಅಂತ ಪೇಟೆಂಟ್ ಮಾಡಿಸಿದರು. ಅದು ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಕಿರಾಣಿ ಅಂಗಡಿಗೆ ವಾಪಸ್ ಬಂತು. 2016ರಲ್ಲಿ ನವಿ ಮುಂಬಯಿಯ ಕಂಪನಿಯೊಂದು ಲೂಡೋ ಕಿಂಗ್ ಅಂತ ಮೊಬೈಲಿಗೆ ತಂತು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಲ್ಲಿ ಸಿಕ್ಕಿಬಿದ್ದ ನಾನು, ಮುದ್ದೇಬಿಹಾಳದ ಅಕ್ಕ, ಸಿಂದಗಿಯ ತಮ್ಮ ರಾತ್ರಿ ಅದನ್ನೇ ಆಡ್ತಿದ್ವಿ. ಆ ಉಪಕಾರ ನಾನು ಮರೆಯಲ್ಲ.

ಆದರೆ ಹೋಗಿ ಬರೋ ದಾರಿಯಲ್ಲಿ ಏನೋ ಉದುರಿಹೋಗಿದೆ. ಲೂಡೋದಲ್ಲಿ ಆರು ಬೀಳದೆ ಕಾಯಿ ಮನೆಯಿಂದ ಹೊರಗೇ ಬರಲ್ಲ. ಆರು ಸರದಿ ಕಾದರೂ ಒಂದೂ ಆರು ಬೀಳದೇ ಇರೋ ಸಾಧ್ಯತೆ ಮೂರರಲ್ಲಿ ಒಂದು! ಅಷ್ಟು ಹೊತ್ತು ಸುಮ್ಮನೆ ನೋಡ್ತಾ ಕೂಡೋದು. ಹೊಡೆದರೆ ಮಾತ್ರ ಒಳಗೆ ಅನ್ನೋ ಕಟ್ಟೂ ಸಾಮಾನ್ಯವಾಗಿ ಅಲ್ಲಿಲ್ಲ. ಎಲ್ಲಕ್ಕಿಂತ ದೊಡ್ಡದು, ನಿಯಮ ಪೆಟ್ಟಿಗೆಯ ಮೇಲೆ ಅಚ್ಚಾಗಿ ಬಂತು. ನಮ್ಮಲ್ಲಿ ಆಟಕ್ಕೆ ಮೊದಲು ಐದು ನಿಮಿಷ ನಿಯಮದ ಜಗಳ. "ಹೊಡದ್ರ ಇನ್ನೊಂದ್ಸಲ ಹಾಕೂದೈತಿ?" "ನಿಮ್ಮೂರಾಗ ಇರಬಹುದು, ಇಲ್ಲಿಲ್ಲ." ಇಂಡಿಯ ಮಾವನ ಮನೆಯಲ್ಲಿ ಮೂರು ಸಲ ಒಂದೇ ಸಮ ಎಂಟು ಬಿದ್ದರೆ ಅಷ್ಟೂ ಹಾಳು. ಸೋದರತ್ತಿ ಮನೆಯಲ್ಲಿ ಹಾಗಿಲ್ಲ. ಆ ಜಗಳವೂ ಆಟದ ಒಂದು ಭಾಗವೇ, ಯಾಕಂದ್ರೆ ಒಪ್ಪಿಕೊಂಡ ನಿಯಮ ನಮ್ಮದಾಗ್ತದೆ. ಹಾಫ್‌-ಲೈಫ್ ಆಟವನ್ನ ಆಡೋರೇ ತಿದ್ದಿ 1999ರಲ್ಲಿ ಕೌಂಟರ್-ಸ್ಟ್ರೈಕ್ ಮಾಡಿದರು. ವಾರ್‌ಕ್ರಾಫ್ಟ್ 3ನ್ನ ತಿದ್ದಿ ಡೋಟಾ ಮಾಡಿದರು. ನಿಯಮ ಮುಟ್ಟೋಕೆ ಬಿಟ್ಟ ಕಡೆಯೇ ಹೊಸ ಆಟ ಹುಟ್ಟಿದ್ದು.

ಇಲ್ಲೇ ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನ (1794–1868) ನೆನೆಯಬೇಕು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ ಆತ ಕೈಕಟ್ಟಿ ಕೂಡಲಿಲ್ಲ. ಎಷ್ಟೋ ಪಟದಾಟಗಳನ್ನ ತಾನೇ ರಚಿಸಿದ, ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಿಬರೋ ಸಮಸ್ಯೆಗಳನ್ನ ಬಿಡಿಸಿದ, 360 ಎಲೆಗಳ ಇಸ್ಪೀಟು ಕಟ್ಟಿದ. ಜಗನ್ಮೋಹನ ಅರಮನೆಯ ಗೋಡೆ ಮೇಲೆ ಆತನ ಪಟಗಳಿವೆ. ಕರ್ನಾಟಕದ ದೊಡ್ಡ ಗೇಮ್ ಡಿಸೈನರ್ ಯಾರು ಅಂದ್ರೆ ನಾನು ಆತನ ಹೆಸರೇ ಹೇಳೋದು. ಆದರೂ 360 ಎಲೆಯ ಆಟವನ್ನ ಇವತ್ತು ಮನೆಮನೆಯಲ್ಲಿ ಯಾರೂ ಆಡಲ್ಲ. ಇದ್ದಿಲಲ್ಲಿ ಗೀಚಿದ 25 ಮನೆ ಉಳಿಯಿತು. ಒಂದು ಸರದಿ ನೋಡಿದರೆ ಕಲಿಯೋ ಹಾಗಿದ್ದದ್ದು ಉಳೀತದೆ.

ಹುಲಿ, ಕುರಿ, ಕಲ್ಲು, ಲಿಂಬಿಹಣ್ಣು

ಮುದ್ದೇಬಿಹಾಳ ಅಂದ್ರೆ ಇತಿಹಾಸ ಓದಿದವರಿಗೆ 1565ರ ರಕ್ಕಸಗಿ-ತಂಗಡಗಿ ಯುದ್ಧ. ಯುರೋಪಾ ಯೂನಿವರ್ಸಾಲಿಸ್ 4 ಅನ್ನೋ 2013ರ ಆಟದಲ್ಲಿ ವಿಜಯನಗರವನ್ನ ನೀವೇ ನಡೆಸಬಹುದು, ಯುದ್ಧದ ಫಲವನ್ನ ಬದಲಿಸಲೂಬಹುದು! ದೊಡ್ಡವರ ಯುದ್ಧ ಅದು. ಅಲ್ಲೇ ಅಕ್ಕನ ಊರಿನ ಗುಡಿಕಟ್ಟೆ ಮೇಲೆ ನಾನು ಆಡಿದ್ದು ಸಣ್ಣವರ ಯುದ್ಧ, ಹುಲಿ-ಕುರಿ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿ ತಿನ್ನಬಹುದು, ಕುರಿ ಏನನ್ನೂ ತಿನ್ನಲ್ಲ. ಆದರೆ ಕುರಿಗಳು ಒತ್ತಾಗಿ ನಿಂತು ದಾರಿ ಕಟ್ಟಿದರೆ ಹುಲಿ ಸೋಲ್ತದೆ. ಎರಡೂ ಕಡೆಗೆ ಬೇರೆ ಬೇರೆ ಬಲ, ಬೇರೆ ಬೇರೆ ಬುದ್ಧಿ. ಒಂದು ಆಟ ಹುಲಿಯಾಗಿ ಆಡಿದವನು ಮುಂದಿನದರಲ್ಲಿ ಕುರಿ ಆಗಲೇಬೇಕು. 2016ರ ಡೆಡ್ ಬೈ ಡೇಲೈಟ್‌ನಲ್ಲಿ ಒಬ್ಬ ಬೇಟೆಗಾರನ ಎದುರು ನಾಲ್ವರು ಓಡೋದು ಇದೇ ಬಗೆ.

ಜಾತ್ರೆಗೆ ಬಂದರೆ ಸಂಗ್ರಾಣಿ ಕಲ್ಲು ಎತ್ತೋ ಪಂದ್ಯ. ನಮ್ಮ ನಾಲ್ಕೂ ತಾಲೂಕಿನ ಹಳ್ಳಿಗಳಲ್ಲಿ ಇದು ಇದ್ದದ್ದೇ. ಗರಡಿಮನೆಯಲ್ಲಿ ಸಣ್ಣ ಕಲ್ಲಿನಿಂದ ಶುರು ಮಾಡಿ ವರ್ಷಗಟ್ಟಲೆ ಮೈ ಪಳಗಿಸಿದವನು ಕೊನೆಗೆ ದೊಡ್ಡ ಕಲ್ಲಿಗೆ ಕೈ ಹಾಕ್ತಾನೆ. ಗೆದ್ದರೆ ಬೆಳ್ಳಿ ಕಡಗ. ಇದೂ ಲೆವೆಲ್ ಆಟವೇ ಅಲ್ವಾ? ಒಂದೇ ವ್ಯತ್ಯಾಸ. ಮೊಬೈಲ್ ಆಟದಲ್ಲಿ ಬೆಳೆಯೋದು ಪರದೆಯ ಮೇಲಿನ ಗೊಂಬೆಯ ಅಂಕ, ಇಲ್ಲಿ ಬೆಳೆಯೋದು ಆಡೋನ ತೋಳು. ದುಡ್ಡು ಕೊಟ್ಟರೆ ಕಲ್ಲಿನ ಭಾರ ಕಡಿಮೆ ಆಗಲ್ಲ.

ಇನ್ನು ನಾಗರ ಪಂಚಮಿ. ನಮ್ಮ ಕಡೆ ಅದು ಆಟದ್ದೇ ಹಬ್ಬ. ಹೆಣ್ಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಂದ್ಯ. ಇಂಡಿ ಮೊದಲೇ ಲಿಂಬಿಗೆ ಹೆಸರಾದ ಸೀಮೆ. "ಇಲ್ಲಿಂದ ಆ ಊರ ಅಗಸಿಗೆ ಇಷ್ಟು ಒಗತಕ್ಕ ಮುಟ್ಟಸ್ತೀನಿ" ಅಂತ ಒಬ್ಬ ಮಾತು ಕೊಡ್ತಾನೆ. ಲಿಂಬಿಹಣ್ಣು ಒಗೆದಂತೆ ಹಿಂದೆ ಊರ ಹುಡುಗರೆಲ್ಲ ನಡೀತಾರೆ. ಇಲ್ಲಿ ತನ್ನ ಬಲವನ್ನ ತಾನೇ ಸರಿಯಾಗಿ ಅಳೆದು ಹೇಳೋದೇ ನಿಜವಾದ ಆಟ. ಪಣ ಅಂದ್ರೆ ತೆಂಗಿನಕಾಯಿಯೋ ಕೊಬ್ಬರಿಯೋ. ಸೋತವನು ತಂದದ್ದನ್ನ ಗೆದ್ದವನು, ನೋಡಿದವನು, ಸೋತವನು ಎಲ್ಲರೂ ಸೇರಿ ತಿನ್ನೋದು.

ಆಟ ಬೇರೆ, ಜೂಜು ಬೇರೆ

ಎಲ್ಲಾ ಹಳೇದು ಬಂಗಾರ ಅಂತ ನಾನು ಹೇಳ್ತಿಲ್ಲ. ಅದೇ ಕವಡಿ, ಅದೇ ದಾಳ ಮನೆ ಹಾಳು ಮಾಡಿದ್ದೂ ಇದೆ. ಧರ್ಮರಾಯ ರಾಜ್ಯ ಕಳಕೊಂಡದ್ದು ಪಗಡೆಯಲ್ಲೇ ತಾನೆ? ಎದ್ದು ಹೋಗೋಕೆ ಬಿಡದ ಆಟ ಅದು. ಸೋತಷ್ಟೂ ಇನ್ನೊಂದು ಪಣ, ಇನ್ನೊಂದು ಪಣ... ಅದಕ್ಕೇ ಕನ್ನಡದಲ್ಲಿ ಎರಡು ಮಾತಿವೆ. ಆಟ ಬೇರೆ, ಜೂಜು ಬೇರೆ. ಈಗ ಎರಡನ್ನೂ ಸೇರಿಸಿ 'ಗೇಮಿಂಗ್' ಅಂದುಬಿಟ್ಟಿದ್ದೇವೆ.

ಮನೋವಿಜ್ಞಾನಿ ಸ್ಕಿನ್ನರ್ ತಮ್ಮ ಸಂಗಾತಿ ಫರ್ಸ್ಟರ್ ಜೊತೆ 1957ರಲ್ಲಿ ತಂದ ಪುಸ್ತಕದಲ್ಲಿ ಪಾರಿವಾಳಗಳ ಪ್ರಯೋಗಗಳಿವೆ. ಎಷ್ಟು ಸಲ ಕುಟುಕಿದರೆ ಕಾಳು ಬೀಳ್ತದೆ ಅಂತ ಗೊತ್ತಾಗದ ಹಾಗೆ ಮಾಡಿದರೆ ಹಕ್ಕಿ ಬಿಡದೆ ಕುಟುಕ್ತಾನೇ ಇರುತ್ತೆ. ನನ್ನ ಗೆಳೆಯರು ಹೇಳಿದ "ಒಳಗೇನಿದೆ ಅಂತ ಹೇಳದ ಪೆಟ್ಟಿಗೆ" ಇದೇ ಕಾಳು. 2018ರಲ್ಲಿ ಬೆಲ್ಜಿಯಂ ದೇಶ ದುಡ್ಡಿನ ಇಂಥ ಪೆಟ್ಟಿಗೆ ಜೂಜೇ ಅಂತ ತೀರ್ಮಾನ ಮಾಡಿತು. ಚಕ್ಕಾದಲ್ಲೂ ಎಂಟು ಯಾವಾಗ ಬೀಳ್ತದೆ ಗೊತ್ತಿಲ್ಲ, ನಿಜ. ಆದರೆ ಎಂಟು ಬಿದ್ದರೂ ಯಾವ ಕಾಯಿ ನಡೆಸಲಿ ಅಂತ ಯೋಚಿಸಬೇಕು. ಎದುರಿಗೆ ಕೂತವರು "ಸಾಕು, ಏಳ್ರಿ, ರೊಟ್ಟಿ ಆರ್ತಾವ" ಅಂತಾರೆ. ಆಟಕ್ಕೆ ಕೊನೆಯೂ ಇದೆ. ಪಾರಿವಾಳಕ್ಕೆ ಇದ್ಯಾವುದೂ ಇರಲಿಲ್ಲ.

ನಮ್ಮ ಬಳಗದ ಹುಡುಗನೊಬ್ಬ ತೊಗರಿ ಮಾರಿ ಬಂದ ದುಡ್ಡನ್ನ ಎರಡು ರಾತ್ರಿಯಲ್ಲಿ ಒಂದು ಆ್ಯಪಿನಲ್ಲಿ ಕಳಕೊಂಡ. ವರ್ಷದ ದುಡಿಮೆ ಅದು. ಕಟ್ಟೆ ಮೇಲೆ ಆಡಿದ್ದರೆ ಯಾರಾದರೂ ಕೈ ಹಿಡಿತಿದ್ದರು. ಕಂಬಳಿಯೊಳಗೆ ಒಬ್ಬನೇ ಆಡ್ತಿದ್ದ, ಯಾರಿಗೂ ಕಾಣಲಿಲ್ಲ. ಎದುರಾಳಿ ಯಾರು ಅಂತ ಅವನಿಗೂ ಗೊತ್ತಿಲ್ಲ.

ಕರ್ನಾಟಕ 2021ರಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. ಫೆಬ್ರವರಿ 2022ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡಿತು. ಆಗಸ್ಟ್ 2025ರಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದು ಕಾಯ್ದೆ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿತು, ಇ-ಸ್ಪೋರ್ಟ್ಸ್ ಮತ್ತು ದುಡ್ಡಿಲ್ಲದ ಆಟಗಳನ್ನ ಬೇರೆ ಇಟ್ಟು ಪ್ರೋತ್ಸಾಹಿಸೋ ಮಾತಾಡಿತು. ಕಾನೂನು ಮೊದಲ ಸಲ ನಮ್ಮ ಹಳೇ ಎರಡು ಮಾತಿನ ಹತ್ತಿರ ಬಂದ ಹಾಗೆ ನನಗೆ ಕಂಡಿತು. ಆದರೆ ಕಾನೂನು ಜೂಜನ್ನ ನಿಲ್ಲಿಸಬಹುದು, ಒಳ್ಳೇ ಆಟವನ್ನ ಬರೆದುಕೊಡಲ್ಲ. ಅದು ನಮ್ಮಂಥವರ ಕೆಲಸ.

ನನ್ನ ಚಕ್ಕಾದಲ್ಲಿ ಏನಿರುತ್ತೆ

ಇಷ್ಟೆಲ್ಲ ಓದಿ, ಕೇಳಿ ನಾನು ಮಾಡಿಕೊಂಡ ತೀರ್ಮಾನ ಇಷ್ಟು. ದಿನದ ನಾಣ್ಯ ಇರಲ್ಲ. ಗುಟ್ಟಿನ ಪೆಟ್ಟಿಗೆ ಇರಲ್ಲ. ಆಟ ಮುಗಿದಾಗ "ಇನ್ನೊಂದು ಆಟ?" ಅಂತ ತಾನೇ ಕೇಳಲ್ಲ, ಆಡೋರು ಬೇಕಿದ್ದರೆ ಶುರು ಮಾಡಿಕೊಳ್ಳಲಿ. ಗುರುತಿದ್ದವರ ಜೊತೆ ಮಾತ್ರ ಆಡೋದು, ಆಡ್ತಾ ಮಾತಾಡೋಕೆ ಅವಕಾಶ. ಆಟಕ್ಕೆ ಮೊದಲು ನಿಯಮದ ಪುಟ ಬರುತ್ತೆ, ಎಲ್ಲರೂ ಒಪ್ಪಿದ ಮೇಲೇ ಕವಡಿ ಉರುಳೋದು. ಸೋತವನಿಗೂ ಅವನು ಹೊಡೆದ ಕಾಯಿ ಎಷ್ಟು, ತಪ್ಪಿಸಿಕೊಂಡದ್ದು ಎಷ್ಟು ಅಂತ ತೋರಿಸುತ್ತೆ, ನಾಳೆ ಜಗಳಕ್ಕೆ ಬೇಕಲ್ಲ!

"ರಿಟೆನ್ಷನ್ ಬರಲ್ಲ ಮಾರಾಯ" ಅಂತ ಗೆಳೆಯರು ಹೇಳ್ತಾನೇ ಇದ್ದಾರೆ. ಬರದೇ ಇರಬಹುದು. ಆದರೆ ಒಳ್ಳೇ ಆಟಕ್ಕೆ ನಾನು ಹಿಡಿದ ಅಳತೆಗೋಲು ಬೇರೆ. ಸೋತವನು ಕಳಕೊಳ್ಳಬಾರದ್ದನ್ನ ಕಳಕೊಳ್ಳದೆ ಎದ್ದು ಹೋಗಿ ಊಟ ಮಾಡಬೇಕು, ಮರುದಿನ ಬಂದು ಮತ್ತೆ ಕೂಡಬೇಕು. ಕಾಯಿ ನಡುಮನೆ ಮುಟ್ಟಿದರೆ ನಾವು 'ಗೆದ್ದಿತು' ಅನ್ನಲ್ಲ, 'ಹಣ್ಣಾಯ್ತು' ಅಂತೀವಿ. ಹಣ್ಣಾಗೋಕೆ ಹೊತ್ತು ಬೇಕು, ಬಿಸಿಲೂ ಬೇಕು, ನಾಣ್ಯ ಬೇಕಿಲ್ಲ.

ಈಗ ನಿಮ್ಮ ಸರದಿ. ನಿಮ್ಮೂರಲ್ಲಿ ಈ ಆಟಕ್ಕೆ ಏನಂತಾರೆ? ಹೊಡೆಯದೆ ಒಳಗೆ ಬಿಡ್ತಾರಾ? ಎಂಟು ಮೂರು ಸಲ ಬಿದ್ದರೆ ಲೆಕ್ಕ ಏನು? ಬರೆದು ತಿಳಿಸಿ. ನಿಮ್ಮ ಮನೆಯ ನಿಯಮವೂ ನನ್ನ ನಿಯಮದ ಪುಟದಲ್ಲಿ ಇರಲಿ ಅಂತ ಆಸೆ.